ಸುಮ್ಮನೆ ಕೂತ ಬಿಳಿ ಕಣಗಳು

ಮಾಧವರಂ, ಚೆನ್ನೈ
೧೨-೮-೨೦೦೩

ಚಿ. ವೃಂದಾಗೆ ನಿನ್ನ ಸೋದರತ್ತೆಯ ಆಶೀರ್ವಾದ.

ಬೆಳಗಿನ ಜಾವ ಕೆಟ್ಟ ಕನಸು ಬಿತ್ತು. ನಿಮ್ಮ ಮಾವ ಎಗ್ಮೋರ್ ಸ್ಟೇಷನ್ನಿನಲ್ಲಿ ಕುಸಿದು ಬಿದ್ದಿದ್ದರು. ಸುತ್ತ ಅಷ್ಟು ಪೊಲೀಸರಿದ್ದರೂ ಒಬ್ಬರೂ ಬಗ್ಗಿ ಎತ್ತಲಿಲ್ಲ.

ನಿನ್ನೆ ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದ್ದೇ ತಲೆಯಲ್ಲಿತ್ತೋ ಏನೋ. ಮಾವನ ಶ್ವಾಸಕೋಶದ ಗಡ್ಡೆಯ ಸುತ್ತ, ರೋಗದ ವಿರುದ್ಧ ಹೋರಾಡುವ ರಕ್ತದ ಬಿಳಿ ಕಣಗಳು ಬಂದು ಸೇರಿವೆಯಂತೆ. "ಆನಾ ಸುಮ್ಮಾ ಉಕ್ಕಾಂದಿರುಕ್ಕು, ಮಾಮಿ" ಅಂದರು. ಬಂದರೂ ಸುಮ್ಮನೆ ಕೂತಿವೆಯಂತೆ. ಗಡ್ಡೆಯೊಳಗೆ ನುಗ್ಗಿದ್ದರೆ ಒಳ್ಳೆಯದಿತ್ತಂತೆ. ಕೆಲವು ಕಣಗಳು ಗಡ್ಡೆಯನ್ನೇ ಸಾಕುತ್ತವೆ ಅಂತಲೂ ಹೇಳಿದರು. ಐದನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು, ಮುಂದೆ ಏನು ಕೇಳಬೇಕೋ ತಿಳಿಯಲಿಲ್ಲ.

ಮೈಗೆ ಶಕ್ತಿ ಬರಲಿ ಎಂದು ದಿನಾ ಬಾದಾಮಿ ಹಾಲು ಕೊಡುತ್ತಿದ್ದೇನೆ. "ಏನೇ, ನನ್ನನ್ನ ಕುಸ್ತಿಗೆ ಕಳಿಸ್ತೀಯಾ?" ಅಂತ ನಗುತ್ತಾರೆ. ಹಳೇ ಕಫ ಎಂದಷ್ಟೇ ಅವರಿಗೆ ಹೇಳಿದ್ದೇನೆ. ಆ ಹಾಲು ಗಡ್ಡೆಯ ಪಾಲಾಗುತ್ತಿದೆಯೋ ಎಂದು ಈಗ ಲೋಟಕ್ಕೆ ಅರ್ಧ ಮಾತ್ರ ಸುರಿಯುತ್ತೇನೆ. ಕೊಡಲೋ, ನಿಲ್ಲಿಸಲೋ, ಬರೆದು ತಿಳಿಸು. ಫೋನ್ ಮಾಡಬೇಡ, ಅವರೇ ಎತ್ತುತ್ತಾರೆ.

ನೀನು ಅದೇ ಆಸ್ಪತ್ರೆಯ ಲ್ಯಾಬಿನಲ್ಲಿದ್ದೀಯ. ಅವರ ಗಡ್ಡೆಯಿಂದ ತೆಗೆದ ಚೂರಿನ ಸ್ಲೈಡನ್ನು ಇನ್ನೊಂದು ಸಲ ನೋಡು ತಾಯಿ, ಒಂದು ಕಣವಾದರೂ ಒಳಗೆ ಹೋಗಿದೆಯಾ ಅಂತ.

ಇಂತಿ,
ಅಂಬುಜತ್ತೆ