ಪೊರೆಯೊಳಗೆ ನಿನ್ನ ಕೈ

ಶೈಲಕ್ಕಾ,

ಮೊದಲೇ ಹೇಳಿಬಿಡ್ತೀನಿ, ನಿನ್ನೆ ಗ್ಲೌಸ್ ಹಾಕದೆ ಪೊರೆ ಮುಟ್ಟಿದೆ. ಬೈಯೋದಿದ್ರೆ ಬೈ, ಆದ್ರೆ ಯಾಕೆ ಅಂತ ಪೂರ್ತಿ ಕೇಳಿ ಆಮೇಲೆ ಬೈ.

ನಾನು ಕೆಲಸಕ್ಕೆ ಸೇರಿದ ದಿನ ನೆನಪಿದೆಯಾ? ಪೀಣ್ಯದ ನಮ್ಮ ಶೆಡ್ಡಿನ ಹಿಂದಿನ ರೂಮು, ಪಕ್ಕದ ಲೇತ್‌ನ ಕಿರುಗುಟ್ಟೋ ಸದ್ದು. ನೀನು ಎರಡು ಅಂಗೈ ಅಗಲದ ತೆಳ್ಳನೆ ಹಾಳೆಯನ್ನ ಚಿಮಟದಲ್ಲಿ ಎತ್ತಿ, "ಫ್ಯೂಯೆಲ್ ಸೆಲ್ಲಿನ ಜೀವ ಇದರಾಗೈತಿ ನೋಡು. ಹೈಡ್ರೋಜನ್‌ನಿಂದ ಕರೆಂಟ್ ಬರಬೇಕಂದ್ರ ಈ ಪೊರೆ ಹಸಿ ಇರಬೇಕು. ಇದರೊಳಗ ನೀರು ಎಲ್ಲಿ ಹೆಂಗ ಹರೀತೈತಿ ಅಂತ ಅಳತಿ ಮಾಡೋದು ನಮ್ಮ ಕೆಲಸ" ಅಂದಿದ್ದೆ. ನಾನು ಬೆರಳು ಚಾಚಿದ್ದೇ ತಡ, ಕೈಮೇಲೆ ಪಟ್ಟಂತ ಹೊಡೆದೆ. ಬೆವರಿನ ಉಪ್ಪು ಇಳಿದ ಕಡೆ ನೀರು ನಿಧಾನವಾಗುತ್ತೆ, ಅಳತೆಯ ಚಿತ್ರದಲ್ಲಿ ನೀಲಿ ಇರಬೇಕಾದಲ್ಲಿ ಹಳದಿ ಕಲೆ ಬೀಳುತ್ತೆ ಅಂತ ಹೇಳಿದ್ದು ಆಮೇಲೆ. ಹೊಡೆದು ಹೇಳೋದೇ ನಿನ್ನ ಪದ್ಧತಿ ತಾನೇ?

ಆಸ್ಪತ್ರೆಯ ಆ ದಿನ... ತಲೆನೋವು ಅಂತ ಊಟದ ಡಬ್ಬಿ ತೆರೆಯದೆ ಕೂತವಳು ನೀನು, ಸಂಜೆಗೆ ಐಸಿಯು ಸೇರಿದ್ದೆ. ಮೆದುಳಲ್ಲಿ ನರ ಒಡೆದಿದೆ ಅಂದ್ರು. ಗಾಜಿನಾಚೆ ನಿನ್ನ ಬಲಗೈ ಬಿಚ್ಚಿಕೊಂಡು ಬಿದ್ದಿತ್ತು, ಕಟರ್‌ಗೆ ಸಿಕ್ಕಿ ಮೊಟಕಾದ ಆ ನಡುಬೆರಳೂ ಕಾಣ್ತಿತ್ತು. ಒಂದ್ಸಲ ಹಿಡ್ಕೊಳ್ತೀನಿ ಅಂತ ನರ್ಸನ್ನ ಬೇಡ್ಕೊಂಡೆ. ಮನೆಯವರಿಗೆ ಮಾತ್ರ ಅಂದ್ಬಿಟ್ರು. ನಾನು ನಿನ್ನೂರು ದಾವಣಗೆರೆ ತಲುಪೋ ಹೊತ್ತಿಗೆ ನಿನಗೆ ವಿಭೂತಿ ಹಚ್ಚಿ, ಕೂರಿಸಿ, ಮಣ್ಣು ಮುಚ್ಚಾಗಿತ್ತು. ಅಷ್ಟು ವರ್ಷ ನಾಗಸಂದ್ರದಿಂದ ದಿನಾ ನಿನ್ನ ಜೊತೆ ಒಂದೇ ಆಟೋದಲ್ಲಿ ಬಂದವಳಿಗೆ ಒಂದು ಕೈ ಹಿಡಿಯೋ ಹಕ್ಕೂ ಇಲ್ವಾ? ಆ ಸಿಟ್ಟು ಇನ್ನೂ ಇಳಿದಿಲ್ಲ.

ಹೋದ ವಾರ ಹೊಸ ಪೊರೆ ಬಂತು. ಒಂದೇ ಒಂದು. ನೀನು ಹೋಗಿ ಎಷ್ಟೋ ತಿಂಗಳ ಮೇಲೆ ತಯಾರಾದದ್ದು. ಸೀಲ್ ಒಡೆದವಳು ನಾನೇ, ಗ್ಲೌಸ್ ಹಾಕ್ಕೊಂಡೇ. ಕೆಳಗೆ ಹಬೆ, ಮೇಲೆ ಒಣಗಾಳಿ ಬಿಟ್ಟು ಅಳತೆಗಿಟ್ಟೆ. ಸೆನ್ಸರ್ ಸಾಲು ಸಾಲಾಗಿ ಓಡಾಡ್ತಾ ಸ್ಕ್ರೀನ್ ತುಂಬ ನೀಲಿ ಹರಡ್ತಾ ಬಂತು. ಮಧ್ಯದಲ್ಲಿ ಹಳದಿ. ಮೊದಲು ಒಂದು ಬೆರಳು, ಆಮೇಲೆ ಇನ್ನೊಂದು, ಮೂರನೇದು ಮೊಟಕು... ಹಾಡುಹಗಲು, ಪಕ್ಕದಲ್ಲಿ ಲೇತ್ ಓಡ್ತಾನೇ ಇತ್ತು.

ಈಗ ನಿನ್ನ ಜಾಗದಲ್ಲಿರೋ ಶ್ರೀಧರ್ ಸಾರ್ ಬಂದು ನೋಡಿದ್ರು. "ಗ್ಲೌಸ್ ಹರಿದಿರ್ಬೇಕು ಕಣಮ್ಮ. ಆಸಿಡ್‌ನಲ್ಲಿ ಕುದಿಸಿದ್ರೆ ಉಪ್ಪೆಲ್ಲ ಹೋಗುತ್ತೆ. ಸೋಮವಾರ ಕ್ಲೀನ್ ಪೊರೆ ಬೇಕು."

"ಇದು ನನ್ನ ಕೈಯಾ ಸಾರ್?" ಅಂತ ಕೈ ಚಾಚಿದೆ.

ನನ್ನ ನಡುಬೆರಳು ನೋಡಿದ್ರು, ಸ್ಕ್ರೀನ್ ನೋಡಿದ್ರು. "ಕುದಿಸ್ಬಿಡಮ್ಮ" ಅಂತ ಮೆತ್ತಗೆ ಹೇಳಿ ಹೋದ್ರು. ಆಮೇಲೆ ಅವರು ಆ ರೂಮಿಗೆ ಕಾಲಿಟ್ಟಿಲ್ಲ.

ಕುದಿಸಿದ್ರೆ ನೀನು ಹೋಗ್ತೀಯ. ನನ್ನ ಕೈಯಾರೆ ಎರಡನೇ ಸಲ ಮಣ್ಣು ಮಾಡ್ಲಾ? ನಿನ್ನೆ ಮಧ್ಯಾಹ್ನ ಆಸಿಡ್ ಒಲೆ ಮೇಲಿಟ್ಟೆ, ಅದು ಕುದಿ ಬರೋದ್ರೊಳಗೆ ಗ್ಲೌಸ್ ಕಿತ್ತೆಸೆದು ನಿನ್ನ ಕೈ ಇದ್ದ ಜಾಗಕ್ಕೆ ನನ್ನ ಬಲಗೈ ಒತ್ತಿದೆ. ಪೊರೆ ತಣ್ಣಗಿತ್ತು, ಅಷ್ಟೇ. ತುಂಬ ಹೊತ್ತು ಹಾಗೇ ನಿಂತು ಅತ್ತೆ ಕಣಕ್ಕ. ಆಮೇಲೆ ಕುದಿಸೋಕೆ ಮನಸ್ಸಾಗದೆ ಒಲೆ ಆರಿಸಿ ಮನೆಗೆ ಹೋದೆ.

ಇವತ್ತು ಬೆಳಿಗ್ಗೆ ಮತ್ತೆ ಅಳೆದೆ. ಅಷ್ಟು ಬೆವರು ಅಂಟಿಸಿದೀನಿ, ಇಬ್ಬರ ಕೈಯೂ ಒಂದರ ಮೇಲೊಂದು ಕಾಣಬೇಕಿತ್ತು. ನನ್ನದು ಎಲ್ಲೂ ಇಲ್ಲ. ನಿನ್ನ ಗುರುತಿನಾಚೆ ನಾನು ಮುಟ್ಟಿದ ಕಡೆಯೆಲ್ಲ ನೀರು ಸಲೀಸಾಗಿ ಹರೀತಿದೆ. ನಿನ್ನದು ಮಾತ್ರ ಇದೆ. ಬಿಚ್ಚಿದ್ದ ನಿನ್ನ ಬೆರಳುಗಳು ಈಗ ಮಡಚಿಕೊಂಡಿವೆ, ಏನನ್ನೋ ಹಿಡಿದ ಹಾಗೆ.

ಸೋಮವಾರ ಸಾರ್ ಬೈದ್ರೆ ಬೈಸ್ಕೊಳ್ತೀನಿ, ಪೊರೆ ಕುದಿಸಲ್ಲ. ಅಕ್ಷರ ಸೊಟ್ಟಗಿದ್ರೆ ನಗಬೇಡ, ಎಡಗೈಯಲ್ಲಿ ಬರೀತಿದೀನಿ. ಬಲಗೈ ಬೆಳಿಗ್ಗೆಯಿಂದ ತಣ್ಣಗೆ ಬಿಗಿದುಕೊಂಡಿದೆ. ನಾನಾಗಿ ಬಿಡಿಸ್ಕೊಳ್ಳಲ್ಲ ಅಕ್ಕಾ, ಮಾತು ಕೊಡ್ತೀನಿ.