ಲಗ್ನಪತ್ರಿಕೆಯಲ್ಲಿ ಹೆಸರಿದ್ದ ತಪ್ಪಿಗೆ

ಜಯನಗರ ಮೂರನೇ ಬ್ಲಾಕ್
೧೨ ಜೂನ್ ೧೯೬೩

ಹೊರದೇಶದವರಿಗೆ ವಾಸದ ಪರವಾನಗಿ ಕೊಡುವ, ಹಾಗೂ ಕೊಡದಿರುವ, ಅಧಿಕಾರವುಳ್ಳ ಮಾನ್ಯರೇ,

ನನ್ನ ಅಚ್ಚುಕೂಟದಲ್ಲಿ ಆರು ವರ್ಷದಿಂದ ಅಚ್ಚಿನ ಮೊಳೆ ಜೋಡಿಸುತ್ತಿರುವ ನಮ್ಮ ಚೂಡಾಮಣಿಗೆ ಕಾಯಂ ವಾಸದ ಪರವಾನಗಿ ಕೊಡಲು ತಾವು ನಿರಾಕರಿಸಿದ್ದೀರಿ. ಕಾರಣ, ನನ್ನ ಮಗಳ ಲಗ್ನಪತ್ರಿಕೆಯಲ್ಲಿ ಅವಳ ಹೆಸರಿದೆ. ಅವಳ ತಾತ್ಕಾಲಿಕ ಪರವಾನಗಿ ಈ ತಿಂಗಳ ಮೂವತ್ತಕ್ಕೆ ಮುಗಿಯುತ್ತದೆ. ಆಮೇಲೆ ಅವಳು ರಂಗೂನಿನ ಹಡಗು ಹತ್ತಬೇಕು. ಅಲ್ಲಿ ಅವಳವರೆಂದು ಈಗ ಇರುವುದು ಅಪ್ಪ ಅಮ್ಮನ ಸಮಾಧಿ ಮಾತ್ರ. ಇದಿಷ್ಟು ನನ್ನ ದೂರು. ಈ ಪತ್ರವನ್ನು ನಾನೇ ಅಚ್ಚು ಹಾಕಿಸಿ ಹಂಚುತ್ತಿರುವುದರಿಂದ ಊರವರೂ ಓದುತ್ತಾರೆ. ಅವರಿಗಾಗಿ ಮೊದಲಿಂದ ಹೇಳುತ್ತೇನೆ, ತಮಗಂತೂ ಎಲ್ಲ ಗೊತ್ತಿದೆ.

ಚೂಡಾಮಣಿಯ ತಂದೆ ವಸಂತಪುರದ ಕಡೆಯವರು. ಹರೆಯದಲ್ಲಿ ರಂಗೂನಿಗೆ ಹೋಗಿ, ಅಲ್ಲಿಯ ಒಂದು ಅಚ್ಚುಕೂಟದಲ್ಲಿ ಕೆಲಸಕ್ಕೆ ಸೇರಿ, ಕೊನೆಗೆ ಆ ದೇಶದ ಪ್ರಜೆಯೇ ಆದರು. ಮಗಳು ಹುಟ್ಟಿದ್ದು ಅಲ್ಲೇ. ಕನ್ನಡವನ್ನೂ ಮೊಳೆ ಜೋಡಿಸುವುದನ್ನೂ ಅಪ್ಪನಿಂದ ಕಲಿತಳು. ಅಪ್ಪ ಅಮ್ಮ ಇಬ್ಬರೂ ತೀರಿಕೊಂಡ ಮೇಲೆ, ೧೯೫೭ರಲ್ಲಿ, ಆ ದೇಶದ ಪಾಸ್‌ಪೋರ್ಟ್ ಹಿಡಿದುಕೊಂಡು ಇಲ್ಲಿಗೆ ಬಂದಳು. ವಸಂತಪುರದಲ್ಲಿ ಅವಳ ಗುರುತು ಹಿಡಿಯುವವರು ಯಾರೂ ಉಳಿದಿರಲಿಲ್ಲ. ನನ್ನಲ್ಲಿ ಕೆಲಸ ಕೇಳಿಕೊಂಡು ಬಂದಾಗ ಅವಳ ಕೈಗೆ ಪಳಗಿದ್ದುದು ಇಂಗ್ಲಿಷ್ ಮೊಳೆ. ಕನ್ನಡದ ಯಾವ ಒತ್ತಕ್ಷರ ಮೊಳೆಪೆಟ್ಟಿಗೆಯ ಯಾವ ಗೂಡಿನಲ್ಲಿದೆ ಎಂಬುದನ್ನು ಹದಿನೈದು ದಿನದಲ್ಲಿ ಕಲಿತಳು. ನನಗೆ ಅದಕ್ಕೆ ಎರಡು ವರ್ಷ ಹಿಡಿದಿತ್ತು. ಅಚ್ಚುಕೂಟ ಇರುವುದು ನಮ್ಮ ಮನೆಯ ಮುಂದಿನ ಕೋಣೆಯಲ್ಲಿ, ಅವಳಿಗೆ ಹಿಂದಿನ ಕೋಣೆ ಕೊಟ್ಟೆವು. ಊಟ ನಮ್ಮ ಜೊತೆಯಲ್ಲೇ.

ಕಾಯಂ ಪರವಾನಗಿ ಬೇಕಾದರೆ ಕೆಲಸ ಕೊಟ್ಟವನು ಮುಚ್ಚಳಿಕೆ ಬರೆದುಕೊಡಬೇಕು, ಆ ಕೆಲಸಕ್ಕೆ ಊರಿನವರು ಸಿಗಲಿಲ್ಲವೆಂದು ತೋರಿಸಬೇಕು ಎಂದಿರಿ. ಆಗಲಿ ಎಂದು ಬಾಗಿಲಿಗೆ ಬೋರ್ಡು ತೂಗುಹಾಕಿ ಒಂದು ತಿಂಗಳು ಕಾದೆ. ಬಂದವರು ಒಬ್ಬರೇ, ಸಿದ್ದಾಪುರದ ಬೋರಣ್ಣ. "ಮೊಳೆ ಜೋಡಿಸೋಕೆ ಬರುತ್ತೇನಪ್ಪಾ?" ಎಂದು ಕೇಳಿದೆ. "ಅದೊಂದು ಬರಲ್ಲ ಸ್ವಾಮಿ. ಆದ್ರೆ ನಮ್ಮ ತಾತನ ಕಾಲದಿಂದ ಇಲ್ಲೇ ಇದೀವಿ" ಎಂದ. ನಿಮ್ಮ ಕಚೇರಿ ಕೇಳುವ ಅರ್ಹತೆ ಅವನಲ್ಲಿ ಪೂರ್ತಿ ಇತ್ತು. ನನಗೆ ಬೇಕಾದ್ದು ಇರಲಿಲ್ಲವಾಗಿ ಕಾಫಿ ಕೊಟ್ಟು ಕಳಿಸಿದೆ.

ಇನ್ನು ನನ್ನ ಅಪರಾಧ. ಮಾರ್ಚಿನಲ್ಲಿ ಮುಚ್ಚಳಿಕೆ ಹಿಡಿದು ತಮ್ಮ ಕಚೇರಿಗೆ ಬಂದಾಗ ಮಗಳ ಮದುವೆಗೆ ಹತ್ತು ದಿನ ಉಳಿದಿತ್ತು. ಮನೆಯಲ್ಲಿ ಮದುವೆ ಇಟ್ಟುಕೊಂಡವನು ಎದುರಿಗೆ ಕೂತವರನ್ನು ಕರೆಯದೆ ಎದ್ದು ಬರುವುದುಂಟೇ? ಚೀಲದಿಂದ ಲಗ್ನಪತ್ರಿಕೆ ತೆಗೆದು, ಎರಡು ಕೈಯಲ್ಲಿ ಹಿಡಿದು, "ಮನೆಯೋರ್ನೆಲ್ಲ ಕರ್ಕೊಂಡು ಹಿಂದಿನ ದಿನವೇ ಬಂದ್ಬಿಡಬೇಕು ಸಾರ್" ಎಂದು ತಮಗೆ ಕೊಟ್ಟೆ. ತಾವು ಬರಲಿಲ್ಲ. ಪತ್ರಿಕೆ ಮಾತ್ರ ಕಡತಕ್ಕೆ ಹೋಯಿತು. ಒಂದು ಹೆಸರಿನ ಕೆಳಗೆ ಕೆಂಪು ಗೆರೆ, ಅರಿಶಿನ ಹಚ್ಚಿದ ಮೂಲೆಯ ಮೇಲೆ ಕಚೇರಿಯ ಮೊಹರು, ಮೇಲೆ ಪುಟಸಂಖ್ಯೆ. ನನ್ನ ಬೀಗರು ಕೂಡ ಆ ಪತ್ರಿಕೆಯನ್ನು ಅಷ್ಟು ಜೋಪಾನ ಮಾಡಿಲ್ಲ.

ಪತ್ರಿಕೆಯ ಕೊನೆಯಲ್ಲಿ ಆಗಮನಾಭಿಲಾಷಿಗಳೆಂದು ಮನೆಮಂದಿಯ ಹೆಸರು ಹಾಕುವುದು ಎಲ್ಲರ ಪದ್ಧತಿ. ಆ ಪಟ್ಟಿ ಜೋಡಿಸುತ್ತಿದ್ದವಳೂ ಚೂಡಾಮಣಿಯೇ. ನನ್ನ ಹೆಂಡತಿ ಸರ್ವಮಂಗಳಾ ಹಿಂದೆ ನಿಂತು ನೋಡಿ, "ನಿನ್ ಹೆಸರೆಲ್ಲೇ?" ಎಂದಳು.

"ನಂದ್ಯಾಕಮ್ಮ, ನಾನು ಕೆಲಸದೋಳು."

"ಸುಮ್ನಿರೇ. ಇವ್ರ ದೊಡ್ಡಪ್ಪನ ಮಗ ಗುರುಬಸಪ್ಪ ಈ ಮನೆ ಹೊಸಿಲು ತುಳಿದು ಹತ್ತು ವರ್ಷ ಆಯ್ತು, ಅವರ ಹೆಸರಿದೆ. ದಿನಾ ನನ್ನ ಜೊತೆ ಊಟ ಮಾಡೋಳದ್ದು ಬೇಡ್ವಾ? ಹಾಕು."

ಹಾಕಿದಳು. ಅದನ್ನು ಓದಿ ತಾವು ಕೊಟ್ಟ ತೀರ್ಪು ನನಗೆ ಬಾಯಿಪಾಠವಾಗಿದೆ: "ಅರ್ಜಿದಾರಳು ಮಾಲೀಕರ ಕುಟುಂಬಕ್ಕೆ ಸೇರಿದವಳೆಂದು ಕಂಡುಬರುವುದರಿಂದ ಇದು ನೌಕರಿಯಲ್ಲ, ಬಂಧುಗಳ ನೆರವು. ಮುಚ್ಚಳಿಕೆ ಅಸಿಂಧು." ಹಾಗಾದರೆ ಬಂಧುವೆಂದೇ ಪರವಾನಗಿ ಕೊಡಿ ಸಾರ್ ಎಂದು ಕೇಳಿಕೊಂಡೆ. ರಕ್ತಸಂಬಂಧದ ಪುರಾವೆ ತನ್ನಿ ಎಂದಿರಿ. ನೌಕರಿಯ ಮಾತು ಬಂದರೆ ಅವಳು ನನ್ನ ನಂಟರವಳು, ನಂಟಿನ ಮಾತು ಬಂದರೆ ಹೊರಗಿನವಳು. ಇಷ್ಟು ನಯವಾಗಿ ಸಂಬಂಧ ತೂಗುವವರು ಕಚೇರಿಯಲ್ಲಿ ಕೂತು ಸವೆಯುವ ಬದಲು ಹೆಣ್ಣು ನೋಡುವ ಶಾಸ್ತ್ರಗಳಿಗೆ ಹೋಗಿಬಂದರೆ ಈ ಊರಿಗೆ ಎಷ್ಟು ಉಪಕಾರವಾದೀತು?

ದಾರಿ ತೋರಿಸಿದವರು ತಮ್ಮ ಗುಮಾಸ್ತರು. ಪಾಪ, ಒಳ್ಳೆಯ ಮನುಷ್ಯ. "ಏನೂ ಸಂಬಂಧ ಇಲ್ಲ ಅಂತ ಒಂದು ಅಫಿಡವಿಟ್ ಮಾಡ್ಕೊಡಿ ಯಜಮಾನ್ರೇ. ನಿಮ್ಮನೇಲಿ ಊಟ ಇಲ್ಲ, ವಾಸ ಇಲ್ಲ, ಹಬ್ಬಕ್ಕೆ ಸೀರೆಗೀರೆ ಕೊಡಲ್ಲ ಅಂತ. ಇನ್‌ಸ್ಪೆಕ್ಟರ್ ಬಂದು ನೋಡ್ತಾರೆ, ಮುಗೀತು" ಎಂದರು. ಅವರ ಮಾತು ಕೇಳಿ ಚೂಡಾಮಣಿಯನ್ನು ಸಿದ್ದಾಪುರದ ಒಂದು ಬಾಡಿಗೆ ಕೋಣೆಗೆ ಕಳಿಸಿದೆ. ಹದಿನೈದು ದಿನ ಅವಳು ಮಧ್ಯಾಹ್ನ ನಮ್ಮ ಜಗಲಿಯ ಮೇಲೆ ಒಬ್ಬಳೇ ಕೂತು ಡಬ್ಬಿ ಬಿಚ್ಚುತ್ತಿದ್ದಳು. ಒಳಗೆ ಸರ್ವಮಂಗಳಾ ನನಗೆ ಬಡಿಸುತ್ತ, "ನಿಮಗೆ ಗಂಟಲಲ್ಲಿ ಹೇಗೆ ಇಳಿಯುತ್ತೆ?" ಎನ್ನುತ್ತಿದ್ದಳು. ಇಳಿಯುತ್ತಿರಲಿಲ್ಲ.

ಸೋಮವಾರ ವಕೀಲರ ಮುಂದೆ ಹೋಗಿ ಕೂತೆ. "ದೇವರ ಸಾಕ್ಷಿಯಾಗಿ ಸತ್ಯವನ್ನೇ ಹೇಳುತ್ತೇನೆ" ಎಂದು ಶುರುವಾಗುವ ಕಾಗದ. ಮರುಸಾಲಿನಲ್ಲೇ ಅವಳು ನನಗೆ ಏನೂ ಅಲ್ಲ ಎಂದಿತ್ತು. "ರುಜು ಹಾಕ್ಬಿಡಿ ಅಯ್ಯಾವ್ರೇ, ಕಾಗದದಲ್ಲಿ ತಾನೇ" ಎಂದು ಚೂಡಾಮಣಿಯೇ ಹೇಳಿ ಕಳಿಸಿದ್ದಳು. ಕೈ ಬರಲಿಲ್ಲ. ಎದ್ದು ಸೀದಾ ಸಿದ್ದಾಪುರಕ್ಕೆ ಹೋಗಿ ಅವಳ ಟ್ರಂಕು ಹೊರಿಸಿಕೊಂಡು ಮನೆಗೆ ಬಂದೆ. ತಮ್ಮ ಇನ್‌ಸ್ಪೆಕ್ಟರು ಯಾವಾಗ ಬೇಕಾದರೂ ಬರಲಿ, ಅವರಿಗೂ ಒಂದು ಎಲೆ ಹಾಕಿಸುತ್ತೇನೆ.

ಆದ್ದರಿಂದ ನನ್ನ ಬೇಡಿಕೆ ಚಿಕ್ಕದು. ಅವಳು ನನ್ನ ನೌಕರಳು, ಆರು ವರ್ಷದ ಹಾಜರಿ ಪುಸ್ತಕ ತೋರಿಸುತ್ತೇನೆ. ಅವಳು ನಮ್ಮ ಮನೆಯವಳೂ ಹೌದು. ಎರಡನ್ನೂ ಬರೆದುಕೊಳ್ಳಿ, ಮೂವತ್ತರೊಳಗೆ ಕಾಯಂ ಪರವಾನಗಿ ಕೊಡಿ. ಎರಡೂ ಒಟ್ಟಿಗೆ ಇರಕೂಡದೆಂಬ ಕಾನೂನಿದ್ದರೆ ಅದರ ಪ್ರತಿಯನ್ನು ಕಳಿಸಿ, ಪುಕ್ಕಟೆಯಾಗಿ ಅಚ್ಚು ಹಾಕಿಕೊಡುತ್ತೇನೆ, ಊರಿಗೆಲ್ಲ ಗೊತ್ತಾಗಲಿ.

ಕೊನೆಯದಾಗಿ ಒಂದು ಮಾತು. ಈ ಪತ್ರದ ಮೊಳೆ ಜೋಡಿಸಿದವಳೂ ಅವಳೇ, ನನ್ನಲ್ಲಿ ಬೇರೆ ಕಂಪೋಸಿಟರ್ ಇಲ್ಲ. ಕರಡು ತಿದ್ದಲು ಕೂತೆ. ಮೊದಲ ಸಾಲಿನಲ್ಲಿ ನಾನು "ನಮ್ಮ ಚೂಡಾಮಣಿ" ಎಂದು ಬರೆದಿದ್ದ ಕಡೆ "ಸದರಿ ನೌಕರಳು" ಎಂದು ಜೋಡಿಸಿದ್ದಳು. ಕರೆದು ಕೇಳಿದೆ. ತಲೆ ತಗ್ಗಿಸಿ, "ಹಂಗಿದ್ರೆ ಇಲ್ಲೇ ಇರಕ್ಕೆ ಬಿಡ್ತಾರೇನೋ ಅಂತ" ಎಂದಳು. ಆರು ವರ್ಷದಲ್ಲಿ ಅವಳ ಕೆಲಸದಲ್ಲಿ ನಾನು ಕಂಡ ಮೊದಲ ತಪ್ಪು ಅದು. ನನ್ನ ಕೈಯಾರೆ ತಿದ್ದಿದ್ದೇನೆ.

ಇಂತಿ,
ಒಬ್ಬಳಿಗೇ ಮಾಲೀಕನೂ ಮನೆಯವನೂ ಆಗಿ ಸಿಕ್ಕಿಬಿದ್ದಿರುವ,
ಗಂಗಾಧರಯ್ಯ