ಜೆರ್ಸಿ ಇಲ್ಲದ ಕುರ್ಚಿ

ಬುಧವಾರ, ಮಧ್ಯಾಹ್ನ

ಅಪ್ಪ,

ಮೊದಲು ನಮಸ್ಕಾರ, ಅದರ ಬೆನ್ನಿಗೇ ಜಗಳ.

ಫೋನಿನಲ್ಲಿ ಹೇಳಿದರೆ ನೀವು ಪೂರ್ತಿ ಕೇಳುವವರಲ್ಲ. "ಆಯ್ತು ಬಿಡು, ಊಟ ಆಯ್ತಾ" ಎಂದು ಫೋನನ್ನು ಅಮ್ಮನ ಕಡೆ ಪಾಸ್ ಮಾಡಿಬಿಡುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಮ್ಮ ಮೊಮ್ಮಗಳು ಪುಟ್ಟಿಯನ್ನು ನೋಡಲು ಬಂದಾಗ ಅವಳ ಕೈಯಲ್ಲೇ ಕೊಟ್ಟು ಕಳಿಸುತ್ತೇನೆ. ಕನ್ನಡಕ ಸಿಗಲಿಲ್ಲ ಎಂಬ ನೆಪ ಬೇಡ, ಅದು ನಿಮ್ಮ ಅಂಗಿಯ ಜೇಬಿನಲ್ಲೇ ಇರುತ್ತದೆ.

ಬೆಳಿಗ್ಗೆ ಅಮ್ಮ ಬಂದು ಎಲ್ಲ ಹೇಳಿದಳು. ನಿಮ್ಮ ಮನೆಯ ಗೇಟಿನ ಮೇಲೆ ಯಾರೋ ಕಪ್ಪು ಬಣ್ಣದಲ್ಲಿ 'ತೊಲಗು' ಎಂದು ಬರೆದು ಹೋದರಂತೆ. ನೀವು ಬನಿಯನ್ನಿನಲ್ಲೇ ಬಕೆಟ್ಟು, ಬ್ರಷ್ಷು ಹಿಡಿದು ಉಜ್ಜುತ್ತ ನಿಂತಿರಂತೆ. ಬೀದಿಯವರೆಲ್ಲ ನೋಡುತ್ತಿದ್ದರೂ ನಿಮಗೆ ಅವಸರವೇ ಇರಲಿಲ್ಲವಂತೆ. ಒಂದೊಂದು ಅಕ್ಷರದ ಅಂಚನ್ನೂ ಬಿಡದೆ ತಿಕ್ಕಿ, ಕೊನೆಗೆ "ಬಣ್ಣ ಒಳ್ಳೇದೇ ತಂದಿದಾರೆ" ಅಂದಿರಂತೆ. ಅಮ್ಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲವಂತೆ. ನನಗೆ ತಿಳಿಯಿತು, ಅತ್ತುಬಿಟ್ಟೆ.

ಹೊರಡುವಾಗ ಅವಳು ನಿಮ್ಮ ಮಾತನ್ನೂ ಮುಟ್ಟಿಸಿದಳು: "ಅವಳಿಗೆ ಹೇಳು, ಬಾಯಿ ಬಿಡೋದು ಬೇಡ, ಶುಕ್ರವಾರ ನಾನು ನೋಡ್ಕೋತೀನಿ." ಏನು ನೋಡಿಕೊಳ್ಳುತ್ತೀರಿ ಅಪ್ಪ? ಫುಟ್‌ಬಾಲ್ ಸಂಘದ ಸಮಿತಿಯ ಮುಂದೆ ಕೂತು, ತಂಡ ಆರಿಸಿದ್ದೂ ನಾನೇ, ಸೋಲಿಗೆ ಕಾರಣವೂ ನಾನೇ ಎಂದು ಹೇಳಿ, ದೇಶದ ತಂಡದ ಕೋಚ್ ಪದವಿಯನ್ನು ಮೇಜಿನ ಮೇಲಿಟ್ಟು ಬರುತ್ತೀರಿ. ಅಷ್ಟೇ ತಾನೇ?

ನಿಮ್ಮ ಈ ಬಾಯಿಬಿಡದ ಗುಣ ನನಗೇನು ಹೊಸದಲ್ಲ. ನೀವು ಆಡುತ್ತಿದ್ದ ಕಾಲದಲ್ಲಿ ನಿಮ್ಮ ಕೋಚ್ ಪಂದ್ಯದ ದಿನ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಹೆಸರು ಓದುತ್ತಿದ್ದರು ಎಂದು ನೀವೇ ಹೇಳಿದ್ದಿರಿ. ಹೆಸರು ಬಾರದವನು ಮುಖ ಎಲ್ಲಿಡಬೇಕೆಂದು ತಿಳಿಯದೆ, ಕಟ್ಟಿದ ಬೂಟಿನ ಲೇಸನ್ನೇ ಬಿಚ್ಚಿ ಮತ್ತೆ ಕಟ್ಟುತ್ತ ಕೂರುತ್ತಿದ್ದ. ಒಮ್ಮೆ ಹಾಗೆ ಲೇಸು ಕಟ್ಟುತ್ತ ಕೂತವರು ನೀವು. ನಾನು ಕೋಚ್ ಆದರೆ ಯಾರ ಹೆಸರನ್ನೂ ಓದುವುದಿಲ್ಲ ಎಂದು ಅವತ್ತೇ ನಿರ್ಧರಿಸಿದಿರಂತೆ. ಆಮೇಲೆ ಕೋಚ್ ಆದಿರಿ. ಮೊದಲು ಗಿರಣಿಯ ತಂಡಕ್ಕೆ, ನಂತರ ದೊಡ್ಡ ಕ್ಲಬ್ಬಿಗೆ, ಕೊನೆಗೆ ದೇಶಕ್ಕೆ. ಎಲ್ಲಿ ಹೋದರೂ ಪದ್ಧತಿ ಬದಲಾಗಲಿಲ್ಲ. ಆಟಗಾರರು ಬರುವ ಮೊದಲೇ ಡ್ರೆಸ್ಸಿಂಗ್ ರೂಮಿಗೆ ಹೋಗಿ, ಅವತ್ತು ಆಡುವವರ ಕುರ್ಚಿಗಳ ಮೇಲೆ ಕೈಯಾರೆ ಜೆರ್ಸಿ ಮಡಿಸಿಡುತ್ತೀರಿ. ಬಂದವರು ತಮ್ಮ ಕುರ್ಚಿ ನೋಡಿಕೊಳ್ಳುತ್ತಾರೆ. ಖಾಲಿ ಕಂಡವನು ನೀರು ಕುಡಿಯುವ ನೆಪದಲ್ಲಿ ಹೊರಗೆ ಹೋಗಿ, ಮುಖ ತೊಳೆದು, ಮತ್ತೆ ಮನುಷ್ಯನಾಗಿ ಒಳಗೆ ಬರಬಹುದು.

ಚಿಕ್ಕವಳಿದ್ದಾಗ ರಜೆಯಲ್ಲಿ ನಾನೂ ನಿಮ್ಮ ಜೊತೆ ಬಂದು ಮಡಿಸಿದ್ದೇನೆ. ತೋಳು ಒಳಗೆ, ನಂಬರ್ ಮೇಲೆ. ಮನೆಯಲ್ಲೂ ನಿಮ್ಮದು ಇದೇ ಪದ್ಧತಿ. ನಿಮ್ಮ ತಂಡದ ಗೋಲ್‌ಕೀಪರನ್ನೇ ಮದುವೆಯಾಗುತ್ತೇನೆ ಎಂದು ನಾನು ಹೇಳಿದಾಗ ನೀವು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಭಾನುವಾರ ಊಟದ ಮೇಜಿಗೆ ಒಂದು ಕುರ್ಚಿ ಹೆಚ್ಚಿಗೆ ತಂದು ಹಾಕಿದಿರಿ. ಅಮ್ಮ ಅದನ್ನು ನೋಡಿ ಒಳಗೆ ಹೋಗಿ ಕಣ್ಣೊರೆಸಿಕೊಂಡಳು.

ಇನ್ನು ಇವರ ವಿಷಯ. ಅವತ್ತು ನಾನು ನಿಮಗೆ ಹೇಳಿದ್ದು ಅರ್ಧ, ಪೂರ್ತಿ ಈಗ ಕೇಳಿ.

ಕಳೆದ ವರ್ಷ ಎದುರು ತಂಡದವನ ಮೊಣಕೈ ಇವರ ಬಲಗಣ್ಣಿಗೆ ಬಡಿಯಿತಲ್ಲ, ವಾಸಿಯಾಯಿತು ಎಂದು ನಾವೆಲ್ಲ ಸುಮ್ಮನಾದೆವು. ಆಮೇಲೆ ಇವರು ಚಹಾ ಬಗ್ಗಿಸಿದರೆ ಲೋಟದ ಪಕ್ಕಕ್ಕೆ ಸುರಿಯುತ್ತಿತ್ತು. "ಈ ಮೇಜು ವಾಲಿದೆ" ಎನ್ನುತ್ತಿದ್ದರು. ನಾನು ಪೆದ್ದಿಯ ಹಾಗೆ ಮೇಜಿನ ಕಾಲಿನ ಕೆಳಗೆ ರಟ್ಟು ಮಡಿಸಿ ಇಟ್ಟೆ. ಒಂದು ದಿನ ಸ್ನಾನ ಮಾಡಿಸುವಾಗ ಪುಟ್ಟಿ ರಾಗವಾಗಿ ಶುರುಮಾಡಿದಳು: ಇ, ಎಫ್ ಪಿ, ಟಿ ಓ ಝಡ್, ಎಲ್ ಪಿ ಇ ಡಿ. ಯಾವ ಹಾಡೇ ಇದು ಎಂದರೆ "ಅಪ್ಪನ ಗಡ್ಡದ ಹಾಡು" ಅಂದಳು. ಇವರು ದಿನಾ ಗಡ್ಡ ಕೆರೆಯುವಾಗ ಕನ್ನಡಿಯ ಮುಂದೆ ಹೇಳಿಕೊಳ್ಳುತ್ತಾರಂತೆ. ನಾನು ನಗುತ್ತಲೇ ಇದ್ದೆ, ಸೋಪು ಕೈಯಲ್ಲಿತ್ತು, ಆಗ ಹೊಳೆಯಿತು. ಅವು ಕಣ್ಣಿನ ಡಾಕ್ಟರ ಕೋಣೆಯ ಗೋಡೆಯ ಮೇಲಿರುವ ಅಕ್ಷರಗಳು. ತಂಡದ ವೈದ್ಯಕೀಯ ತಪಾಸಣೆಯಲ್ಲಿ ಎಡಗಣ್ಣು ಮುಚ್ಚಿಸಿ ಓದು ಅಂದಾಗ ಒಪ್ಪಿಸಲು ಇವರು ಬಾಯಿಪಾಠ ಮಾಡಿಕೊಂಡಿದ್ದರು.

ನಾನು ಇವರನ್ನು ಕೇಳಲಿಲ್ಲ. ಸಂಬಂಧಿಕರೊಬ್ಬರಿಗೆ ಹೀಗಾಗಿದೆ ಎಂದು ಸುಳ್ಳು ಹೇಳಿ ಬೇರೆ ಡಾಕ್ಟರನ್ನು ಕೇಳಿದೆ. ಅದೇ ಜಾಗಕ್ಕೆ ಇನ್ನೊಂದು ಪೆಟ್ಟು ಬಿದ್ದರೆ ಅಲ್ಪಸ್ವಲ್ಪ ಇರುವುದೂ ಹೋಗುತ್ತದೆ ಎಂದರು. ಅಲ್ಲಿಂದ ನೇರ ನಿಮ್ಮ ಹತ್ತಿರ ಓಡಿ ಬಂದೆ. ನೀವು ಹಿತ್ತಲಲ್ಲಿ ಬೂಟಿನ ಮಣ್ಣು ಕೆರೆಯುತ್ತಿದ್ದಿರಿ. "ನಿಂಗೆ ಗೊತ್ತು ಅಂತ ಅವನಿಗೆ ಗೊತ್ತಾ?" ಎಂದಷ್ಟೇ ಕೇಳಿದಿರಿ. ಇಲ್ಲ, ನಾನು ಹೇಳಿದೆ ಎಂದು ಯಾವತ್ತೂ ಗೊತ್ತಾಗಬಾರದು ಎಂದು ನಿಮ್ಮಿಂದ ಮಾತು ತೆಗೆದುಕೊಂಡೆ. ಯಾರು ಎದುರಾದರೂ ಜೇಬಿನಿಂದ ಕಿತ್ತಳೆ ತೆಗೆದು ಎಸೆದು 'ಹಿಡಿ' ಎನ್ನುವ ನೀವು, ಅವತ್ತು ಅದನ್ನು ನನ್ನ ಕೈಯಲ್ಲೇ ಇಟ್ಟಿರಿ.

ಮುಂದಿನದು ಇಡೀ ದೇಶಕ್ಕೆ ಗೊತ್ತು. ಗೆದ್ದರೆ ವಿಶ್ವ ಪಂದ್ಯಾವಳಿಗೆ ಹೋಗುವ ಪಂದ್ಯ. ಇವರ ಕುರ್ಚಿ ಖಾಲಿ. ಎರಡನೇ ಕೀಪರ್ ಉದ್ದಣ್ಣನನ್ನು ಗೋಲಿಗೆ ನಿಲ್ಲಿಸಿದಿರಿ. ಪಾಪ, ಎರಡು ವರ್ಷದಿಂದ ಬೆಂಚು ಕಾಯುತ್ತ ಕೂತಿದ್ದವನು. ಯಾರು ಬೇಕಾದರೂ ಹಿಡಿಯಬಹುದಾಗಿದ್ದ ಚೆಂಡು ಅವನ ಕಾಲ ಸಂದಿಯಲ್ಲಿ ನುಸುಳಿ ಹೋಯಿತು. ಅಳಿಯನನ್ನು ಯಾಕೆ ಕೈಬಿಟ್ಟಿರಿ ಎಂದು ಪತ್ರಿಕೆಯವರು ಮುಗಿಬಿದ್ದು ಕೇಳಿದರು. ನ್ಯಾಯವಂತ ಅನ್ನಿಸಿಕೊಳ್ಳುವ ಚಪಲ ಎಂದು ಒಬ್ಬರು, ಮನೆಯ ಜಗಳವನ್ನು ಮೈದಾನಕ್ಕೆ ತಂದರು ಎಂದು ಇನ್ನೊಬ್ಬರು ಬರೆದರು. ನೀವು "ನನ್ನ ನಿರ್ಧಾರ" ಎಂದು ಎದ್ದು ಹೋದಿರಿ.

ಇವರು ಮನೆಗೆ ಬಂದವರೇ, ನೀವು ಬಂದಾಗ ಕೂರುವ ಬೆತ್ತದ ಕುರ್ಚಿಯನ್ನು ಎತ್ತಿ ಬಾಲ್ಕನಿಗೆ ಹಾಕಿದರು. "ನಿಮ್ಮಪ್ಪ ದೊಡ್ಡೋರು ಅನ್ನಿಸ್ಕೊಳ್ಳೋಕೆ ನನ್ನನ್ನ ಬಲಿ ಕೊಟ್ರು" ಅಂದರು. ಪತ್ರಿಕೆಯವನೊಬ್ಬ ಬಾಗಿಲು ತಟ್ಟಿದಾಗಲೂ "ನನ್ನನ್ಯಾಕೆ ಕೇಳ್ತೀರ, ಮಾವನವರನ್ನೇ ಕೇಳಿ" ಎಂದು ಹೇಳಿ ಕಳಿಸಿದರು. ಅದು ಮರುದಿನ ದಪ್ಪಕ್ಷರದಲ್ಲಿ ಬಂತು. ನಾನು ಅಡುಗೆಮನೆಯಲ್ಲಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತ ನಿಂತಿದ್ದೆ. ನನ್ನ ಅಪ್ಪನ ಹೆಸರಿಗೆ ಮಸಿ ಬಳಿಯುತ್ತಿದ್ದಾರೆ, ಅದನ್ನು ಒರೆಸುವ ಬಟ್ಟೆ ನನ್ನ ಕೈಯಲ್ಲೇ ಇದೆ, ನಾನು ಪಾತ್ರೆ ತಿಕ್ಕುತ್ತಿದ್ದೇನೆ. ನನಗೆ ನನ್ನ ಮೇಲೆಯೇ ಅಸಹ್ಯವಾಯಿತು.

ಆದರೆ ಅಪ್ಪ, ನಿಮ್ಮ ಹೆಸರೊಂದೇ ಆಗಿದ್ದರೆ ನಿಮ್ಮ ಮಾತಿಗೆ ಕಟ್ಟುಬಿದ್ದು ಇನ್ನೂ ಸುಮ್ಮನಿರುತ್ತಿದ್ದೆನೋ ಏನೋ. ಸೋತ ಮಾರನೆಯ ದಿನವೇ ಬೇರೊಂದು ಕ್ಲಬ್ಬಿನವರು ಇವರಿಗೆ ಫೋನ್ ಮಾಡಿದರು. ದೇಶ ಕೈಬಿಟ್ಟವನನ್ನು ನಾವು ಕೈಹಿಡಿಯುತ್ತೇವೆ ಎಂದರಂತೆ. ಇವರು ಒಪ್ಪಿಕೊಂಡಿದ್ದಾರೆ. ಭಾನುವಾರ ಮೊದಲ ಪಂದ್ಯ. ದಿನಾ ಮಧ್ಯಾಹ್ನ ಅಭ್ಯಾಸಕ್ಕೆ ಹೋಗಿ ಬರುತ್ತಾರೆ, ನಿನ್ನೆ ಬಲಗೆನ್ನೆ ತರಚಿಕೊಂಡು ಬಂದರು. ಕಣ್ಣಿನಿಂದ ಎರಡು ಬೆರಳು ಕೆಳಗೆ. ನಾನು ಔಷಧಿ ಹಚ್ಚಿದೆ, ಹಚ್ಚಿದ ಮೇಲೇ ಮತ್ತೆ ಹಚ್ಚಿದೆ. "ನಿನಗೇನಾಯ್ತೇ" ಎಂದು ನನ್ನನ್ನೇ ಕೇಳಿದರು.

ನಿಮ್ಮ ಖಾಲಿ ಕುರ್ಚಿ ಅವರನ್ನು ಒಂದು ಪಂದ್ಯದಿಂದ ಉಳಿಸಿತು. ಉಳಿದ ಪಂದ್ಯಗಳಿಗೆ ಯಾರು ಕುರ್ಚಿ ಖಾಲಿ ಮಾಡುತ್ತಾರೆ? ಅದಕ್ಕೆ ಬಾಯೇ ಬೇಕು. ನಿಮ್ಮ ಹತ್ತಿರ ಓಡಿ ಬಂದದ್ದು ನಿಮ್ಮ ಮೇಲಿನ ನಂಬಿಕೆಯಿಂದ ಎಂದುಕೊಂಡಿದ್ದೆ. ಈಗ ಅನ್ನಿಸುತ್ತಿದೆ, ಅದು ಹೆದರಿಕೆ. ಇವರು ಪುಟ್ಟಿಯ ವಯಸ್ಸಿನಲ್ಲೇ ಗೋಲಿನ ಮುಂದೆ ನಿಂತವರು. ನೀನು ಇನ್ನು ನಿಲ್ಲಬೇಡ ಎಂದು ಮುಖ ಕೊಟ್ಟು ಹೇಳುವ ಧೈರ್ಯ ನನಗಿರಲಿಲ್ಲ. ಆ ಕಷ್ಟದ ಕೆಲಸವನ್ನು ನಿಮ್ಮ ತಲೆಗೆ ಕಟ್ಟಿದೆ.

ಇವತ್ತು ಇವರು ಬಂದ ಕೂಡಲೇ ಹೇಳುತ್ತೇನೆ. ಗಡ್ಡದ ಹಾಡು ಗೊತ್ತು, ಅಪ್ಪನಿಗೆ ಹೇಳಿದವಳು ನಾನು ಎಂದು. ಕೂಗಾಡಬಹುದು. ಬೆನ್ನ ಹಿಂದೆ ಚೂರಿ ಹಾಕಿದೆ ಎನ್ನಬಹುದು. ಮನೆ ಬಿಟ್ಟು ಹೋದರೂ ಹೋಗಲಿ, ಕಣ್ಣು ಉಳಿಸಿಕೊಂಡು ಹೋಗಲಿ. ಹೀಗೆ ಬರೆಯುವುದು ಸುಲಭ, ಮೆಟ್ಟಿಲ ಮೇಲೆ ಸದ್ದಾದಾಗಲೆಲ್ಲ ಈ ಕಾಗದವನ್ನು ಪುಸ್ತಕದ ಕೆಳಗೆ ಸರಿಸುತ್ತಿದ್ದೇನೆ. ನೀವು ಪಕ್ಕದಲ್ಲಿದ್ದಿದ್ದರೆ ಚೆನ್ನಾಗಿತ್ತು. ಮಾತಾಡದಿದ್ದರೂ ಪರವಾಗಿಲ್ಲ, ಸುಮ್ಮನೆ ಕೂತಿದ್ದರೂ ಸಾಕಿತ್ತು.

ನಿಮ್ಮ ಮಾತು ಮೀರುತ್ತಿರುವ,
ನಿಮ್ಮ ಮಗಳು

ತಾ.ಕ. ಸಂಜೆ ಬರೆಯುತ್ತಿದ್ದೇನೆ. ಹೇಳಿದೆ. ಕೂಗಾಡಲಿಲ್ಲ. ಬೂಟಿನ ಲೇಸು ಬಿಚ್ಚಿದರು, ಮತ್ತೆ ಕಟ್ಟಿದರು. ಆಮೇಲೆ "ನೀನು ಹೇಳಿದ್ದು ಗೊತ್ತಿರಲಿಲ್ಲ. ಆದ್ರೆ ಮಾವನವರಿಗೆ ಗೊತ್ತು ಅನ್ನೋದು ಗೊತ್ತಿತ್ತು" ಅಂದರು.

ಪಂದ್ಯದ ದಿನ ಇವರೇ ಎಲ್ಲರಿಗಿಂತ ಮೊದಲು ಡ್ರೆಸ್ಸಿಂಗ್ ರೂಮಿಗೆ ಬಂದರಂತೆ. ನಿಮ್ಮ ಕೈಯಲ್ಲಿ ಇನ್ನೂ ಜೆರ್ಸಿಗಳಿದ್ದವಂತೆ. ನೀವು ಇವರ ಬಲಗಡೆಯಿಂದ ಒಂದು ಕಿತ್ತಳೆ ಎಸೆದಿರಂತೆ. ಅದು ಇವರ ಭುಜಕ್ಕೆ ಬಡಿದು ಬೆಂಚಿನ ಕೆಳಗೆ ಉರುಳಿತಂತೆ. ನೀವೇ ಬಗ್ಗಿ ಹುಡುಕಿ, ಸಿಪ್ಪೆ ಸುಲಿದು, ಅರ್ಧ ಇವರಿಗೆ ಕೊಟ್ಟು, ಇವರ ಜೆರ್ಸಿಯನ್ನು ಇವರ ಎದುರಿಗೇ ಚೀಲಕ್ಕೆ ಹಾಕಿದಿರಂತೆ. ಇದನ್ನು ನೀವು ನನಗೆ ಹೇಳಲಿಲ್ಲ. ಎಲ್ಲ ಗೊತ್ತಿದ್ದೂ ಇವರು ಬಲಿ ಗಿಲಿ ಎಂದು ಕೂಗಿದರು. ನಿಮ್ಮನ್ನು ಬೈಯದಿದ್ದರೆ ಜನ ಬೇರೆ ಕಾರಣ ಹುಡುಕಿ ಕಣ್ಣಿಗೇ ಬಂದು ನಿಲ್ಲುತ್ತಾರೆ ಎಂಬ ಭಯವಂತೆ. ನಿಮ್ಮಿಬ್ಬರಿಗೂ ಅದೇ ಬೆತ್ತದ ಕುರ್ಚಿಯಿಂದ ನಾಲ್ಕು ಬಾರಿಸಬೇಕು ಅನ್ನಿಸಿತು.

ಇವರು ಈಗ ಬಾಲ್ಕನಿಯಲ್ಲಿ ಅದೇ ಕುರ್ಚಿಯ ಮೇಲೆ ಕೂತಿದ್ದಾರೆ. ಅಳುತ್ತಿದ್ದಾರೆ ಅನ್ನಿಸುತ್ತದೆ, ನಾನು ಹತ್ತಿರ ಹೋಗಿಲ್ಲ. ಕ್ಲಬ್ಬಿನವರಿಗೆ ಇನ್ನೂ ಏನೂ ಹೇಳಿಲ್ಲ. ಆದರೆ ಈಗಷ್ಟೇ ಒಳಗೆ ತಲೆ ಹಾಕಿ, ಶುಕ್ರವಾರ ಸಮಿತಿ ಸೇರುವುದು ಎಷ್ಟು ಗಂಟೆಗೆ ಎಂದು ಕೇಳಿದರು. ಅಲ್ಲಿ ನಿಮ್ಮ ಪಕ್ಕ ಇನ್ನೊಂದು ಕುರ್ಚಿ ಹಾಕಿಸಿ, ಅಪ್ಪ. ನಿಮ್ಮ ಬಲಗಡೆಗೇ ಹಾಕಿಸಿ. ಅಲ್ಲಿ ಕೂತರೆ ನೀವು ಇವರ ಎಡಗಣ್ಣಿಗೆ ಕಾಣುತ್ತೀರಿ.